ಗೆಳೆಯನಿಗೊಂದು ಪತ್ರ: ಕೈಸರನಿಗೆ ಸಲ್ಲಬೇಕಾದದ್ದು ಎಷ್ಟು?

ಪ್ರಿಯ ಗೆಳೆಯಾ,

ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯ ಅಧಿಕಾರಿಗಳಿಗೆ ಅಧೀನರಾಗಿರಿ ಎನ್ನುತ್ತದೆ; ಅದನ್ನು ನಂಬುವ ಕ್ರೈಸ್ತ ಸರ್ಕಾರವನ್ನು ಟೀಕಿಸಬಹುದೇ ಎಂದು ಕೇಳಿದ್ದೀಯ. ಮೊದಲು ಒಂದು ಕೆಲಸ ಮಾಡು. ಆ ಭಾಗವನ್ನು 13:1ರಿಂದ ಶುರು ಮಾಡಬೇಡ. 12:14ರಿಂದ ಹಿಡಿದು 13:10ರವರೆಗೆ ನಿಲ್ಲಿಸದೆ ಓದು. ಅಧ್ಯಾಯಗಳ ವಿಂಗಡಣೆ ಪೌಲನದಲ್ಲ, 13ನೇ ಶತಮಾನದಲ್ಲಿ ಬಂದದ್ದು. ನಡುವಿನ ಆ ಗೆರೆ ಅಳಿಸಿದ ಕೂಡಲೇ ವಾದ ಬೇರೆಯೇ ಆಗಿ ಕೇಳಿಸುತ್ತದೆ. ಹಿಂಸಿಸುವವರನ್ನು ಆಶೀರ್ವದಿಸಿ ಎಂದು 12:14ರಲ್ಲಿ, ನೀವೇ ಮುಯ್ಯಿ ತೀರಿಸಬೇಡಿ, ಅದು ದೇವರ ಪಾಲು ಎಂದು 12:19ರಲ್ಲಿ ಹೇಳುತ್ತಾನೆ. ಮುಂದೆ 13:4ರಲ್ಲಿ ಅಧಿಕಾರಿಯ ಕೈಯಲ್ಲಿ ಕತ್ತಿ ಏಕಿದೆ ಎಂದು ವಿವರಿಸುವಾಗ, ಮೂಲ ಗ್ರೀಕಿನಲ್ಲಿ ಆ 'ಮುಯ್ಯಿ'ಯ ಧಾತುವಿನ ಪದವೇ ಮತ್ತೆ ಬರುತ್ತದೆ. ನಿನ್ನ ಕೈಯಿಂದ ಕಿತ್ತುಕೊಂಡ ಕತ್ತಿಯನ್ನು ಆತ ಅಧಿಕಾರಿಗೆ ಒಪ್ಪಿಸಿದ್ದಾನೆ, ಅದೂ ತಪ್ಪು ಮಾಡಿದವನ ಮೇಲೆ ಎತ್ತುವುದಕ್ಕೆ ಮಾತ್ರ.

ಅಧಿಕಾರಿಗೆ ಅಲ್ಲಿ ಕೊಟ್ಟಿರುವ ಹೆಸರನ್ನೂ ಗಮನಿಸು: ದೇವರ ಸೇವಕ. ಕ್ರೈಸ್ತ ಸಭೆಯ ಸೇವಕರಿಗೆ ಬಳಸುವ ಪದವೇ ಅದು. ಸೇವಕ ಅಂದಮೇಲೆ ಅವನ ಮೇಲೊಬ್ಬ ಯಜಮಾನ ಇದ್ದೇ ಇರುತ್ತಾನೆ, ಲೆಕ್ಕ ಒಪ್ಪಿಸುವ ದಿನವೂ ಇರುತ್ತದೆ. ಈ ಪತ್ರ ಬರೆದದ್ದು ಸುಮಾರು ಕ್ರಿ.ಶ. 57ರಲ್ಲಿ, ಆಗ ರೋಮ್‌ನ ಸಿಂಹಾಸನದಲ್ಲಿದ್ದವನು ನೀರೋ. ಒಳ್ಳೆಯ ದೊರೆ ಸಿಕ್ಕ ಖುಷಿಯಲ್ಲಿ ಪೌಲ ಇದನ್ನು ಬರೆಯಲಿಲ್ಲ.

ಇನ್ನು 'ಅಧೀನ' ಎಂಬ ಪದ. ರೋಮ 13:1ರಲ್ಲಿರುವುದು ತನ್ನನ್ನು ಒಂದು ವ್ಯವಸ್ಥೆಯ ಕೆಳಗೆ ಇರಿಸಿಕೊಳ್ಳುವುದು ಎಂಬರ್ಥದ ಪದ. "ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು" ಎಂದು ಯೇಸುವಿನ ಶಿಷ್ಯ ಪೇತ್ರ ಹೇಳುವಲ್ಲಿ (ಅಪೊಸ್ತಲರ ಕೃತ್ಯಗಳು, ಅಂದರೆ ಅ.ಕೃ. 5:29) ಬಳಸಿರುವ ಪದ ಬೇರೆ. ಹಾಗಾಗಿ ಎರಡೂ ಒಟ್ಟಿಗೆ ನಿಲ್ಲುತ್ತವೆ: ಆಜ್ಞೆಗೆ ಇಲ್ಲ ಎನ್ನಬಹುದು, ಆದರೆ ಅದಕ್ಕೆ ಬರುವ ಶಿಕ್ಷೆಯಿಂದ ಕತ್ತಿ ಹಿಡಿದು ತಪ್ಪಿಸಿಕೊಳ್ಳುವುದಿಲ್ಲ. ದಾನಿಯೇಲನ ಪುಸ್ತಕದಲ್ಲಿ, ಅರಸನ ವಿಗ್ರಹವನ್ನು ಪೂಜಿಸದ್ದಕ್ಕೆ ಬೆಂಕಿಯ ಕುಲುಮೆಯ ಮುಂದೆ ನಿಂತ ಆ ಮೂವರು ಯೆಹೂದ್ಯರು ಮಾಡಿದ್ದು ಇದನ್ನೇ. ವಿಗ್ರಹಕ್ಕೆ ಅಡ್ಡಬೀಳಲಿಲ್ಲ, ದಂಗೆಯನ್ನೂ ಏಳಲಿಲ್ಲ.

ತೆರಿಗೆಯ ಪ್ರಶ್ನೆಗೆ ಬಂದರೆ, ಕೈಸರನಿಗೆ ಅಂದರೆ ರೋಮ್ ಚಕ್ರವರ್ತಿಗೆ ತೆರಿಗೆ ಕೊಡಬಹುದೋ ಎಂದು ಯೇಸುವನ್ನು ಕೇಳಿದಾಗ ಆತ ತರಿಸಿ ನೋಡಿದ ನಾಣ್ಯವನ್ನು ಹತ್ತಿರದಿಂದ ನೋಡಬೇಕು. ದಿನಾರಿ ಅಂದರೆ ನಾಲ್ಕು ಗ್ರಾಮಿಗಿಂತ ತುಸು ಕಡಿಮೆ ತೂಗುವ ಬೆಳ್ಳಿ, ಕೂಲಿಯವನ ಒಂದು ದಿನದ ಸಂಬಳ. ಆಗಿನ ಚಕ್ರವರ್ತಿ ತಿಬೇರಿಯನ ನಾಣ್ಯದ ಮೇಲೆ ಅವನ ತಲೆ, ಸುತ್ತಲೂ 'ದೈವಿಕ ಆಗಸ್ಟಸನ ಮಗ' ಎಂಬ ಬರಹ. ಒಬ್ಬನೇ ದೇವರನ್ನು ನಂಬುವ ಯೆಹೂದ್ಯನ ಕೈ ಸುಡುವಂಥ ಬರಹ ಅದು. ಈ ತೆರಿಗೆಗಾಗಿ ನಡೆದ ಜನಗಣತಿಯ ವಿರುದ್ಧ ಕ್ರಿ.ಶ. 6ರಲ್ಲಿ ಗಲಿಲಾಯದ ಯೂದನು ದಂಗೆಯೆದ್ದಿದ್ದ. ಆದ್ದರಿಂದ ಯೇಸುವಿನ ಮುಂದಿಟ್ಟ ಪ್ರಶ್ನೆ ಹೌದೆಂದರೂ ಅಲ್ಲವೆಂದರೂ ಸಿಕ್ಕಿಬೀಳುವಂಥದ್ದು. ಅವರು ಕೇಳಿದ್ದು 'ಕೊಡಬಹುದೋ' ಎಂದು. ಆತ ಉತ್ತರದಲ್ಲಿ ಕ್ರಿಯಾಪದವನ್ನೇ ಬದಲಿಸಿದ: 'ಸಲ್ಲಬೇಕಾದದ್ದನ್ನು ಸಲ್ಲಿಸಿರಿ' ಎಂಬರ್ಥದ ಪದ. ರೋಮ 13:7ರಲ್ಲಿ ಕಂದಾಯ, ಸುಂಕ, ಭಯ, ಮರ್ಯಾದೆ ಎಂದು ಎಣಿಸುವಾಗ ಪೌಲ ಎತ್ತಿಕೊಳ್ಳುವುದೂ ಅದೇ ಪದವನ್ನು. ತೆರಿಗೆ ನಾವು ಕೊಡುವ ದಾನವಲ್ಲ, ತೀರಿಸುವ ಬಾಕಿ. ಆದಾಯ ಮುಚ್ಚಿಟ್ಟು ತೆರಿಗೆ ಉಳಿಸಿ, ಆ ಹಣದಲ್ಲಿ ದಶಮಾಂಶ (ಸಭೆಗೆ ಕೊಡುವ ಹತ್ತನೇ ಒಂದು ಪಾಲು) ಹಾಕುವವನು ಎರಡೂ ಕಡೆ ತಪ್ಪಿದ್ದಾನೆ. ಆದರೆ ನಾಣ್ಯದ ಮೇಲೆ ಕೈಸರನ ರೂಪವಿದ್ದರೆ ಮನುಷ್ಯನಲ್ಲಿರುವುದು ದೇವರ ಸ್ವರೂಪ. ಬೆಳ್ಳಿ ಕೈಸರನಿಗೆ ಹೋಗಲಿ, ಮನಸ್ಸಾಕ್ಷಿಯನ್ನು ಅವನು ಕೇಳಕೂಡದು.

ಯಾವಾಗ ಇಲ್ಲ ಎನ್ನಬೇಕು? ಕಾನೂನು ಕೆಟ್ಟದ್ದಕ್ಕೆ ಬರೇ ಅವಕಾಶ ಕೊಡುತ್ತಿದೆಯೋ, ಇಲ್ಲ ನೀನೇ ಕೆಟ್ಟದ್ದನ್ನು ಮಾಡಬೇಕೆಂದು ಆಜ್ಞಾಪಿಸುತ್ತಿದೆಯೋ ಎಂಬುದನ್ನು ಮೊದಲು ಬಿಡಿಸಿಕೊ. ಅವಕಾಶ ಮಾತ್ರವಾದರೆ ನೀನು ಅದನ್ನು ಬಳಸದಿದ್ದರಾಯಿತು; ಜೊತೆಗೆ ಕಾನೂನನ್ನು ಬದಲಿಸಲು ಮಾತಾಡು, ಮನವಿ ಕೊಡು, ಮತ ಹಾಕು. ಆಜ್ಞೆಯೇ ಆಗಿದ್ದರೆ ಬಾಬೆಲಿನ ಅರಮನೆಯಲ್ಲಿ ಸೆರೆಯಾಳಾಗಿದ್ದ ದಾನಿಯೇಲನ ಹಾಗೆ ಮೊದಲು ಒಂದು ಬದಲಿ ದಾರಿ ಮುಂದಿಡು. ಅರಮನೆಯ ಊಟ ಬೇಡವೆಂದು ಹಟ ಹಿಡಿಯದೆ, ಹತ್ತು ದಿನ ಕಾಯಿಪಲ್ಯ ಮತ್ತು ನೀರು ಕೊಟ್ಟು ಪರೀಕ್ಷಿಸಿ ನೋಡಿ ಎಂದು ಅವನು ವಿನಂತಿಸಿದ. ಕಾನೂನು ಕೊಟ್ಟ ಹಕ್ಕನ್ನು ಬಳಸಲು ನಾಚಿಕೊಳ್ಳಬೇಡ. ಫಿಲಿಪ್ಪಿಯಲ್ಲಿ ವಿಚಾರಣೆಯಿಲ್ಲದೆ ಹೊಡೆಸಿ, ಬೆಳಗಾದ ಮೇಲೆ ಗುಟ್ಟಾಗಿ ಕಳಿಸಲು ನೋಡಿದಾಗ, ರೋಮ್ ಪೌರನಾಗಿದ್ದ ಪೌಲ ಹೊರಡಲಿಲ್ಲ. ಅಧಿಕಾರಿಗಳೇ ಬಂದು ಬಿಡುಗಡೆ ಮಾಡಲಿ ಎಂದ. ಮುಂದೆ ಕೈಸರನಿಗೇ ಮೇಲ್ಮನವಿ ಹೋದ. ಅಧೀನತೆ ಬಾಯಿ ಮುಚ್ಚಿಸುವುದಿಲ್ಲ ಎನ್ನಲು ಇದಕ್ಕಿಂತ ಸಾಕ್ಷಿ ಬೇಕೇ? ಈ ದಾರಿಗಳೆಲ್ಲ ಮುಚ್ಚಿದ ಮೇಲೆಯೇ ನಿರಾಕರಣೆ. ಅದು ಸಾಮಾನ್ಯವಾಗಿ ಬಹಿರಂಗವಾಗಿರಲಿ. ಆದರೆ ಇನ್ನೊಬ್ಬರ ಜೀವ ಉಳಿಸುವ ಪ್ರಸಂಗ ಬಂದಾಗ ಐಗುಪ್ತದಲ್ಲಿ ಇಬ್ರಿಯರ ಗಂಡು ಕೂಸುಗಳನ್ನು ಕೊಲ್ಲಿರೆಂಬ ಫರೋಹನ ಆಜ್ಞೆಯನ್ನು ಸೂಲಗಿತ್ತಿಯರಾದ ಶಿಪ್ರಾ, ಪೂಗಾ ಗುಟ್ಟಾಗಿಯೇ ಮೀರಿದರು, ದೇವರು ಅವರಿಗೆ ಒಳ್ಳೆಯದನ್ನೇ ಮಾಡಿದ. ಸೈನ್ಯ ಸೇರುವ ವಿಷಯದಲ್ಲಿ ಕ್ರೈಸ್ತರು ಒಂದಾಗಿಲ್ಲ. 1527ರ ಶ್ಲೈಟ್‌ಹೈಮ್ ಒಪ್ಪಂದದವರು (ಅನಾಬ್ಯಾಪ್ಟಿಸ್ಟ್ ಪಂಥದ ಕ್ರೈಸ್ತರು) ಕತ್ತಿಯನ್ನೇ ಮುಟ್ಟಬಾರದೆಂದರು, ಅದೇ ಕಾಲದ ಸುಧಾರಕ ಮಾರ್ಟಿನ್ ಲೂಥರ್ ಹಾಗೆನ್ನಲಿಲ್ಲ.

ಸಭೆಗಳು ಹೆಚ್ಚಾಗಿ ಎಡವುವುದು ಎಲ್ಲಿ ಗೊತ್ತೇ? ತಮಗೆ ಬೇಕಾದವರು ಅಧಿಕಾರದಲ್ಲಿದ್ದಾಗ ರೋಮ 13, ಬೇಡದವರು ಬಂದಾಗ ಅ.ಕೃ. 5:29. ಇದು ನನಗೆ ನಿಜಕ್ಕೂ ನೋವು ಕೊಡುವ ಸಂಗತಿ. ಆಡಳಿತ ತಿರುಗುಮುರುಗಾದರೂ ಇದೇ ಮಾತನ್ನು ಹೇಳುವೆನೇ ಎಂದು ಪ್ರಸಂಗಿ ಪೀಠ ಹತ್ತುವ ಮೊದಲೇ ಕೇಳಿಕೊಳ್ಳಬೇಕು. ಕ್ರಿ.ಶ. 390ರಲ್ಲಿ ಥೆಸಲೋನಿಕದಲ್ಲಿ ಚಕ್ರವರ್ತಿಯ ಸೈನಿಕರು ನಡೆಸಿದ ಹತ್ಯಾಕಾಂಡದ ನಂತರ ಮಿಲಾನಿನ ಬಿಷಪ್ ಆಂಬ್ರೋಸ್, ಪಶ್ಚಾತ್ತಾಪವಿಲ್ಲದೆ ಪ್ರಭುಭೋಜನ (ಸಭೆಯ ರೊಟ್ಟಿ-ದ್ರಾಕ್ಷಾರಸದ ಸಂಸ್ಕಾರ) ಇಲ್ಲ ಎಂದು ತಿಳಿಸಿದ್ದು ಸಭೆಯನ್ನು ಪೋಷಿಸುತ್ತಿದ್ದ ಚಕ್ರವರ್ತಿ ಥಿಯೊಡೋಸಿಯಸನಿಗೇ.

ಮತ್ತೊಂದು ತಪ್ಪೆಂದರೆ ಬೈಗುಳ. ಯೆಹೂದ್ಯರ ಉಚ್ಚ ನ್ಯಾಯಸಭೆಯಾದ ಸನ್ಹೆದ್ರಿನಿನಲ್ಲಿ ಕಾನೂನು ಮೀರಿ ಹೊಡೆಸಿದಾಗ ಪೌಲ ಸಿಡಿದ. ಹಾಗೆ ಅಪ್ಪಣೆ ಕೊಟ್ಟವನು ಮಹಾಯಾಜಕ ಎಂದು ಗೊತ್ತಾದೊಡನೆ, ಜನರ ಅಧಿಪತಿಯನ್ನು ದೂಷಿಸಬಾರದೆಂಬ ವಿಮೋಚನಕಾಂಡದ ವಚನವನ್ನು ತಾನೇ ನೆನಪಿಸಿಕೊಂಡ. ಅನ್ಯಾಯವನ್ನು ಅನ್ಯಾಯವೆಂದು ಹೇಳು, ಆದರೆ ನಿಜವೋ ಸುಳ್ಳೋ ನೋಡದೆ ಸುದ್ದಿ ಹಂಚಬೇಡ. 1 ಪೇತ್ರ 2:17ರಲ್ಲಿ ಎಲ್ಲರಿಗೂ ಸಲ್ಲುವ ಗೌರವವೇ ಅರಸನಿಗೂ. ಅಲ್ಲಿ ಭಯ ದೇವರಿಗೆ ಮಾತ್ರ.

ಪ್ರಾರ್ಥನೆಯಲ್ಲಿ ಅಧಿಕಾರಿಯ ಹೆಸರು ಹೇಳಿಯೇ ಪ್ರಾರ್ಥಿಸು, ಅದರಲ್ಲೂ ನೀನು ಮತ ಹಾಕದವರ ಹೆಸರು. 1 ತಿಮೊಥೆಯ 2:1ರ ಪಟ್ಟಿಯಲ್ಲಿ ಕೃತಜ್ಞತಾಸ್ತುತಿಯೂ ಇದೆ, ಅದನ್ನು ಬಿಡಬೇಡ. ನಿನ್ನ ಮನಸ್ಸನ್ನು ಕೊರೆಯುತ್ತಿರುವ ಆದೇಶ ಯಾವುದೆಂದು ಬರೆದಿಲ್ಲ. ಅದರ ಪೂರ್ತಿ ಪ್ರತಿ ಕಳಿಸು. ಅದು ಅವಕಾಶವೋ ಆಜ್ಞೆಯೋ ಎಂದು ಒಟ್ಟಿಗೆ ಕೂತು ನೋಡೋಣ.

ನಿನ್ನ ಗೆಳೆಯ