ಮಗಳಿಗೊಂದು ಪತ್ರ: ಐದು ಸಾವಿರ ರೂಪಾಯಿಯೂ ನಿನ್ನ ಎಡಗಿವಿಯೂ

ಸಾಗರ,
ಭಾನುವಾರ ರಾತ್ರಿ

ಪ್ರೀತಿಯ ಕೂಸೇ,

ನೀನು ಕಳುಹಿಸಿದ ನಾಲ್ಕು ಹೆಡ್‌ಫೋನ್‌ಗಳ ಚಿತ್ರ ನೋಡಿದೆ. ಕೆಳಗೆ ಒಂದೇ ಸಾಲು: 'ಅಪ್ಪಯ್ಯ, ಇದರಲ್ಲಿ ಯಾವುದು? ಐದು ಸಾವಿರದೊಳಗೆ ಆಗಬೇಕು.' ಫೋನಿನಲ್ಲಿ ಹೇಳೋಣವೆಂದರೆ ಮಳೆ ಹಿಡಿದು ಮೂರು ದಿನವಾಯಿತು, ಎರಡು ಮಾತು ಆಡುವಷ್ಟರಲ್ಲಿ ಸಿಗ್ನಲ್ ಹೋಗುತ್ತದೆ. ಅಂಗಡಿಗೆ ಗಿರಾಕಿಯೂ ಇಲ್ಲ. ಹಾಗಾಗಿ ಬರೆಯಲು ಕುಳಿತೆ. ಫೋಟೋ ತೆಗೆದು ಕಳುಹಿಸುತ್ತೇನೆ, ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗಿದ್ದರೆ ಹೊಂದಿಸಿಕೊಂಡು ಓದು.

ಯಾವುದು ಎನ್ನುವುದು ಆಮೇಲಿನ ಮಾತು. ನೀನು ಎಲ್ಲಿ ಕೂತು ಕೇಳುತ್ತೀಯ ಎನ್ನುವುದು ಮೊದಲು. ನೀನೇ ಹೇಳಿದ ಪ್ರಕಾರ ಬೆಳಿಗ್ಗೆ ಮೆಟ್ರೊದಲ್ಲಿ ಮುಕ್ಕಾಲು ಗಂಟೆ, ಅಲ್ಲಿಂದ ಬಸ್ಸು, ಸಂಜೆ ಮತ್ತೆ ಅದೇ. ಕಚೇರಿಯಲ್ಲಿ ದಿನಕ್ಕೆರಡು ಮೀಟಿಂಗ್. ರಾತ್ರಿ ಪಿಜಿ ಕೋಣೆಯಲ್ಲಿ, ಪಕ್ಕದ ಮಂಚದವಳು ಮಲಗಿದ ಮೇಲೆ, ಒಂದೋ ಎರಡೋ ಯಕ್ಷಗಾನ ಪದ. ಅಂದರೆ ನೀನು ಕೇಳುವ ಹೊತ್ತಿನಲ್ಲಿ ಮುಕ್ಕಾಲು ಪಾಲು ಗದ್ದಲದ ನಡುವೆಯೇ ಕಳೆಯುತ್ತದೆ. ನಿನ್ನ ಐದು ಸಾವಿರ ಮೊದಲು ಆ ಗದ್ದಲವನ್ನು ಹೊರಗಿಡಲು ಖರ್ಚಾಗಬೇಕು, ಉಳಿದದ್ದು ಸಂಗೀತಕ್ಕೆ. ಈ ಲೆಕ್ಕ ಜಾಹೀರಾತಿನವರು ಹೇಳುವುದಿಲ್ಲ.

ನೀನು ಕಳುಹಿಸಿದ ಮೂರನೆಯದನ್ನು ಈಗಲೇ ಬಿಟ್ಟುಬಿಡು. ಅದರ ಹೊರಬದಿಯಲ್ಲಿ ಜಾಲರಿ ಕಾಣುತ್ತದಲ್ಲ, ಅದು ಬೆನ್ನು ತೆರೆದ ಜಾತಿಯದು, ಓಪನ್ ಬ್ಯಾಕ್. ಒಳ್ಳೆಯದಲ್ಲವೆಂದು ಹೇಳುತ್ತಿಲ್ಲ. ಹೋದ ವರ್ಷ ಒಬ್ಬ ತೋಟದ ಧಣಿ ಸೆನ್ಹೈಸರ್ ಎಚ್‌ಡಿ 650 ತಂದುಕೊಟ್ಟಿದ್ದರು, ಆರಾಮ ಕುರ್ಚಿಯ ಕಾಲಿಗೆ ಸಿಕ್ಕಿ ತಂತಿ ಜಜ್ಜಿಹೋಗಿತ್ತು. ಸರಿಮಾಡಿದ ರಾತ್ರಿ, ಪರೀಕ್ಷೆ ಮಾಡುತ್ತೇನೆ ಎಂಬ ನೆಪದಲ್ಲಿ ಹನ್ನೆರಡರವರೆಗೆ ಹಾಕಿಕೊಂಡು ಕುಳಿತಿದ್ದೆ. ಭಾಗವತರು ತಲೆಯೊಳಗೆ ಹಾಡುತ್ತಿರಲಿಲ್ಲ, ಎದುರು ಜಗಲಿಯಲ್ಲಿ ಕೂತು ಹಾಡುತ್ತಿದ್ದರು. ಬೆನ್ನು ತೆರೆದದ್ದರ ಗುಣವೇ ಅದು, ಗಾಳಿಯಾಡುವುದರಿಂದ ಸ್ವರ ಬಿಚ್ಚಿಕೊಳ್ಳುತ್ತದೆ. ಆದರೆ ನಿನ್ನ ಅಮ್ಮ ಅಡುಗೆಮನೆಯಿಂದಲೇ 'ಅದು ಯಾವ ಪ್ರಸಂಗ?' ಎಂದು ಕೇಳಿದಳು. ಒಳಗಿನದು ಹೊರಗೆ, ಹೊರಗಿನದು ಒಳಗೆ. ಪಿಜಿಯಲ್ಲಿ ಅದನ್ನು ಹಾಕಿಕೊಂಡರೆ ಪಕ್ಕದ ಮಂಚದವಳು ನಿನ್ನನ್ನು ಹೊರಗೆ ಹಾಕುತ್ತಾಳೆ. ಮೆಟ್ರೊದಲ್ಲಂತೂ ಹಾಕಿಕೊಂಡದ್ದೂ ಒಂದೇ, ಬಿಟ್ಟದ್ದೂ ಒಂದೇ.

ಇನ್ನೊಂದು ವಿಷಯವೂ ಆ ರಾತ್ರಿಯೇ ಗೊತ್ತಾಯಿತು. ಅದರ ತಡೆ 300 ಓಮ್. ಮೊಬೈಲಿಗೆ ಸಿಕ್ಕಿಸಿದರೆ ಹಳೆಯ ಕ್ಯಾಸೆಟ್ಟಿನ ಪದ ಪೂರ್ತಿ ಏರಿಸಿದರೂ ಸಾಲದು, ಮೇಜಿನ ಮೇಲಿನ ಆಂಪ್ಲಿಫೈಯರಿಗೆ ಹಾಕಿದ ಮೇಲೆಯೇ ಜೀವ ಬಂತು. ದೊಡ್ಡ ಎತ್ತಿಗೆ ಸಣ್ಣ ನೇಗಿಲು ಕಟ್ಟಿದರೆ ನಡೆಯುತ್ತದೆ, ದೊಡ್ಡ ನೇಗಿಲಿಗೆ ಸಣ್ಣ ಕರು ಕಟ್ಟಿದರೆ ಏನಾಗುತ್ತದೆ? ತಂತಿಯದನ್ನು ಮೊಬೈಲಿಗೆ ನೇರ ಹಾಕುವುದಾದರೆ ಪೆಟ್ಟಿಗೆಯ ಮೇಲೆ 16 ಅಥವಾ 32 ಓಮ್ ಎಂದಿರುವುದನ್ನೇ ನೋಡು.

ಈಗ ಕಿವಿಯೊಳಗೆ ತೂರಿಸುವ ಇಯರ್‌ಫೋನ್. ನಿನ್ನ ಪಟ್ಟಿಯಲ್ಲಿ ಎಲ್ಲಕ್ಕಿಂತ ಅಗ್ಗ ಅದೇ, ಸಾವಿರದ ಐನೂರು. ಬೇರೆ ಯಾರೇ ಕೇಳಿದ್ದರೂ ಕಣ್ಣುಮುಚ್ಚಿ ಅದನ್ನೇ ಹೇಳುತ್ತಿದ್ದೆ. ಬೆರಳ ತುದಿಯಷ್ಟು ರಬ್ಬರಿನ ಬಿರಡೆ ಸರಿಯಾಗಿ ಕೂತರೆ ಮೆಟ್ರೊದ ಸದ್ದನ್ನು ವಿದ್ಯುತ್ತಿನ ಹಂಗಿಲ್ಲದೆ ತಡೆಯುತ್ತದೆ, ಮದ್ದಳೆಯ ಎಡಗೈ ಪೆಟ್ಟೂ ತುಂಬಿಕೊಂಡು ಬರುತ್ತದೆ. ಬಿರಡೆ ಸಡಿಲವಾದರೆ ಅದೇ ಇಯರ್‌ಫೋನಿನಲ್ಲಿ ಮದ್ದಳೆಯೇ ಮಾಯ. ನನ್ನ ಹತ್ತಿರ 'ಇದಕ್ಕೆ ಬಾಸ್ ಇಲ್ಲ' ಎಂದು ವಾಪಸು ತರುವವರಲ್ಲಿ ಹೆಚ್ಚಿನವರಿಗೆ ನಾನು ಮಾಡುವ ರಿಪೇರಿ ಇಷ್ಟೇ: ಪೆಟ್ಟಿಗೆಯ ಮೂಲೆಯಲ್ಲಿ ಹಾಗೆಯೇ ಬಿದ್ದಿರುವ ದೊಡ್ಡ ಬಿರಡೆಯನ್ನು ಹುಡುಕಿ ಹಾಕುವುದು. ಕೆಲವರಿಗೆ ಒಂದು ಕಿವಿಗೆ ನಡುವಿನ ಅಳತೆ, ಇನ್ನೊಂದಕ್ಕೆ ದೊಡ್ಡದು ಬೇಕಾಗುತ್ತದೆ.

ಆದರೆ ನಿನಗೆ ಬೇಡ. ನಿನ್ನ ಎಡಗಿವಿ ಆರು ವರ್ಷದವರೆಗೆ ಸೋರುತ್ತಿತ್ತು, ನಿನಗೆ ನೆನಪಿರಲಿಕ್ಕಿಲ್ಲ. ಮಳೆಗಾಲ ಬಂತೆಂದರೆ ನಿನ್ನನ್ನು ಎತ್ತಿಕೊಂಡು ಶಿವಮೊಗ್ಗದ ಬಸ್ಸು ಹತ್ತುವುದೇ ಆಗಿತ್ತು. ಈಗ ವಾಸಿಯಾಗಿದೆ, ಸರಿ. ಹಾಗೆಂದು ದಿನಕ್ಕೆ ನಾಲ್ಕು ಗಂಟೆ ಆ ಕಿವಿಗೆ ಬಿರಡೆ ಜಡಿದು, ಒಳಗೆ ಬೆವರು ತೇವ ಕಟ್ಟಿ ಕೂರಿಸುವುದು ನನಗೆ ಇಷ್ಟವಿಲ್ಲ. ತೀರಾ ಬೇಕೆಂದರೆ ಕಿವಿ ಡಾಕ್ಟರನ್ನು ಒಂದು ಮಾತು ಕೇಳಿಕೊಂಡು ಮಾಡು.

ಹಾಗಾದರೆ ಉಳಿಯಿತು ಕಿವಿಯನ್ನು ಸುತ್ತಲೂ ಮುಚ್ಚುವ, ಬೆನ್ನು ಮುಚ್ಚಿದ ಜಾತಿ. ನಿನ್ನ ಪಟ್ಟಿಯಲ್ಲಿ ಅಂಥವು ಎರಡಿವೆ, ಒಂದು ತಂತಿಯದು, ಇನ್ನೊಂದು ತಂತಿಯಿಲ್ಲದ್ದು. ನಾನು ಯಾವ ಪಕ್ಷವೆಂದು ನಿನಗೆ ಗೊತ್ತು. ತಂತಿಯದರಲ್ಲಿ ಕೊಟ್ಟ ದುಡ್ಡೆಲ್ಲ ಡ್ರೈವರಿಗೆ, ಅಂದರೆ ಒಳಗಿನ ಪುಟ್ಟ ಸ್ಪೀಕರಿಗೆ, ಮೆತ್ತೆಗೆ, ಚೌಕಟ್ಟಿಗೆ ಹೋಗುತ್ತದೆ. ತಂತಿಯಿಲ್ಲದ್ದರಲ್ಲಿ ಅದೇ ದುಡ್ಡನ್ನು ಬ್ಯಾಟರಿ, ಬ್ಲೂಟೂತ್ ಚಿಪ್, ಒಳಗಿನ ಪುಟ್ಟ ಆಂಪ್ಲಿಫೈಯರ್, ಮೈಕುಗಳು ಎಲ್ಲವೂ ಹಂಚಿಕೊಂಡು ತಿನ್ನುತ್ತವೆ. ಕಿವಿಗೆ ಸಿಕ್ಕಿಸುವ ಬಿಡಿ ಬಿಡಿ ಇಯರ್‌ಬಡ್‌ಗಳಂತೂ ಇನ್ನೂ ಅನ್ಯಾಯ. ಒಂದನ್ನು ಬಿಚ್ಚಿ ನೋಡಿದ್ದೇನೆ: ಬಟಾಣಿಕಾಳಿನಷ್ಟು ಬ್ಯಾಟರಿ, ಅದರ ಸುತ್ತ ಅಂಟು. ಎರಡು ಮೂರು ವರ್ಷಕ್ಕೆ ಆ ಬ್ಯಾಟರಿ ಸೊರಗುತ್ತದೆ, ಬದಲಿಸಲು ಹೋದರೆ ಗೂಡೇ ಒಡೆಯುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ, ನಿನಗೆ ತಂತಿಯಿಲ್ಲದ್ದನ್ನೇ ಹೇಳುತ್ತಿದ್ದೇನೆ. ನಗಬೇಡ.

ಕಾರಣ ಅದರಲ್ಲಿರುವ ಸದ್ದು ಕೊಲ್ಲುವ ವಿದ್ಯೆ, ನಾಯ್ಸ್ ಕ್ಯಾನ್ಸಲೇಶನ್. ಆವಿನಹಳ್ಳಿ ಕಡೆ ಒಂದು ಯಕ್ಷಗಾನದ ಆಟಕ್ಕೆ ಮೈಕ್ ಸೆಟ್ ಒಯ್ದಿದ್ದಾಗ ಆತುರದಲ್ಲಿ ಒಂದು ಬಾಕ್ಸಿನ ಪ್ಲಸ್ಸು ಮೈನಸ್ಸು ಅದಲುಬದಲು ಮಾಡಿಬಿಟ್ಟಿದ್ದೆ. ಎರಡೂ ಬಾಕ್ಸು ಹಾಡುತ್ತಿವೆ, ಆದರೆ ಚಪ್ಪರದ ನಡುವೆ ನಿಂತರೆ ಮದ್ದಳೆಗೆ ಹೊಟ್ಟೆಯೇ ಇಲ್ಲ, ಬರೀ ತಟಪಟ. ಒಂದು ಬಾಕ್ಸು ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತಿತ್ತು, ನಡುವೆ ಎರಡೂ ಸೇರಿ ಸೊನ್ನೆ. ಮೇಳದ ಯಜಮಾನರು ಬೈದ ಬೈಗುಳ ಇನ್ನೂ ಕಿವಿಯಲ್ಲಿದೆ. ನಾನು ತಪ್ಪಿ ಮಾಡಿದ್ದನ್ನೇ ಈ ಹೆಡ್‌ಫೋನ್‌ಗಳು ಬೇಕೆಂದೇ ಮಾಡುತ್ತವೆ. ಹೊರಗಿನ ಮೈಕು ಸದ್ದನ್ನು ಹಿಡಿಯುತ್ತದೆ, ಒಳಗಿನ ಚಿಪ್ ಅದನ್ನು ತಲೆಕೆಳಗು ಮಾಡಿ ಕಿವಿಗೆ ಬಿಡುತ್ತದೆ, ಎರಡೂ ಒಂದನ್ನೊಂದು ತಿಂದುಕೊಳ್ಳುತ್ತವೆ. 1978ರಲ್ಲಿ ಜ್ಯೂರಿಕ್‌ನಿಂದ ಅಮೆರಿಕಕ್ಕೆ ಹೊರಟ ವಿಮಾನದಲ್ಲಿ ಕೂತು, ಎಂಜಿನ್ ಸದ್ದಿಗೆ ಬೇಸತ್ತು, ಇದರ ಲೆಕ್ಕ ಬರೆಯಲು ತೊಡಗಿದವರು ಅಮರ್ ಬೋಸ್. ಅವರ ತಂದೆ ಬಂಗಾಳದವರು.

ಇದರ ಮಿತಿಯನ್ನೂ ತಿಳಿದುಕೊಂಡಿರು. ಒಂದೇ ಸಮನೆ ಗುಂಯ್‌ಗುಡುವ ತಗ್ಗಿನ ಸದ್ದಿಗೆ ಮಾತ್ರ ಇದು ಶೂರ: ಮೆಟ್ರೊ ಗಾಲಿ, ಬಸ್ಸಿನ ಎಂಜಿನ್, ಕಚೇರಿಯ ಎಸಿ. ಪಕ್ಕದವಳ ಹರಟೆ, ಆಟೋ ಹಾರ್ನ್, ಕುಕ್ಕರ್ ಸೀಟಿ ಹಾಗೆಯೇ ಒಳಗೆ ಬರುತ್ತವೆ, ಅವಕ್ಕೆ ದಪ್ಪ ಮೆತ್ತೆಯೇ ಗತಿ. ನಿನಗೆ ಕನ್ನಡಕ ಬೇರೆ. ಕನ್ನಡಕದ ಕಡ್ಡಿ ಮೆತ್ತೆಯನ್ನು ಎತ್ತಿ ಹಿಡಿದರೆ ಆ ಸಂದಿಯಿಂದಲೇ ಸದ್ದು ನುಗ್ಗುತ್ತದೆ. ಆದ್ದರಿಂದ ಅಂಗಡಿಯಲ್ಲಿ ಕನ್ನಡಕ ಹಾಕಿಕೊಂಡೇ ನೋಡು, ಹತ್ತು ನಿಮಿಷ ತೆಗೆಯಬೇಡ. ಮೊದಲ ನಿಮಿಷದಲ್ಲಿ ಎಲ್ಲವೂ ಹಿತವಾಗಿರುತ್ತವೆ, ಕಿವಿಯ ಮೇಲಿನ ಎಲುಬು ನೋಯಲು ಶುರುವಾಗುವುದು ಎಂಟನೆಯ ನಿಮಿಷಕ್ಕೆ. ಅಂಗಡಿಯ ಫ್ಯಾನಿನ ಕೆಳಗೆ ನಿಂತು, ಹಾಡು ಹಾಕದೆ, ಸದ್ದು ಕೊಲ್ಲುವ ಗುಂಡಿ ಒತ್ತಿ ನೋಡು. ಫ್ಯಾನು ದೂರ ಹೋಗಬೇಕು. ಅದರ ಬದಲು ಸ್ಸ್ ಎಂಬ ಹೊಸ ಸದ್ದು ಬಂದರೆ, ಇಲ್ಲವೇ ಘಾಟಿ ಇಳಿಯುವಾಗ ಕಿವಿ ಕಟ್ಟಿದಂತೆ ಆದರೆ ಅದನ್ನು ಅಲ್ಲಿಯೇ ಇಟ್ಟು ಬಾ.

ಪೆಟ್ಟಿಗೆಯ ಮೇಲಿನ ದೊಡ್ಡಕ್ಷರಗಳಿಗೆ ಮರುಳಾಗಬೇಡ. 20ರಿಂದ 20,000 ಹರ್ಟ್ಸ್ ಎಂದು ನೂರು ರೂಪಾಯಿಯದರ ಮೇಲೂ ಬರೆದಿರುತ್ತದೆ. ಅದು ಮನುಷ್ಯನ ಕಿವಿಯ ಪುಸ್ತಕದ ಲೆಕ್ಕ, ಆ ಹೆಡ್‌ಫೋನಿನ ಯೋಗ್ಯತೆಯಲ್ಲ. ಡ್ರೈವರು 40 ಮಿಲಿಮೀಟರೋ 50 ಮಿಲಿಮೀಟರೋ ಎಂಬುದೂ ಹಾಗೆಯೇ, ದೊಡ್ಡ ಬಾಣಲೆಯಿದ್ದರೆ ಅಡುಗೆ ರುಚಿಯಾಗುತ್ತದೆಯೇ? 'ಎಕ್ಸ್‌ಟ್ರಾ ಬಾಸ್' ಎಂದಿದ್ದರೆ ದೂರ ಸರಿ, ಭಾಗವತರ ಬಾಯಿಗೆ ಕಂಬಳಿ ಹೊದಿಸಿದಂತಿರುತ್ತದೆ. ತಂತಿಯಿಲ್ಲದ್ದಾದರೂ 3.5 ಮಿಲಿಮೀಟರಿನ ತೂತು ಇರಲೇಬೇಕು. ತಂತಿ ಸಿಕ್ಕಿಸಿದರೆ ಬ್ಯಾಟರಿ ಸತ್ತರೂ ಹಾಡುತ್ತದೆಯೇ ಎಂದು ಕೇಳು. ಮೆತ್ತೆ ಬಿಚ್ಚಲು ಬರುತ್ತದೆಯೇ, ಬಿಡಿಯಾಗಿ ಸಿಗುತ್ತದೆಯೇ ಎಂದೂ ಕೇಳು. ರೆಕ್ಸಿನ್ ಹೊದಿಕೆ ಬೆವರಿಗೆ ಎರಡು ವರ್ಷದಲ್ಲಿ ಸಿಪ್ಪೆ ಸುಲಿಯುತ್ತದೆ, ಆಗ ಇಡೀ ಹೆಡ್‌ಫೋನ್ ಎಸೆಯುವಂತಾಗಬಾರದು.

ಕೊಳ್ಳುವ ಮುಂಚೆ ಕೇಳಿ ನೋಡಲು ಅಂಗಡಿಯವನ ಹಾಡು ಬೇಡ. ಅವನು ಹಾಕುವುದು ಯಾವ ಡಬ್ಬಿಯಲ್ಲೂ ಚೆನ್ನಾಗಿ ಕೇಳಿಸುವ ಹಾಡು. ನಿನ್ನ ಮೊಬೈಲಿನಲ್ಲಿ ನೂರು ಸಲ ಕೇಳಿದ ಮೂರನ್ನು ಇಟ್ಟುಕೊಂಡು ಹೋಗು. ಒಂದು, ಬರೀ ತಂಬೂರಿ. ತಂತಿಗಳನ್ನು ಹೊರುವ ಕುದುರೆ ಎಂಬ ಪಟ್ಟಿಯ ಮೇಲೆ ತಂತಿಯ ಅಡಿಗೆ ಹತ್ತಿಯ ನೂಲಿಟ್ಟು ಜವಾರಿ ಕೂಡಿಸುತ್ತಾರಲ್ಲ, ಆ ಜೇನ್ನೊಣದ ಝೇಂಕಾರ ಒಂದೊಂದು ಮೀಟಿಗೂ ಅರಳಿ ಮುಚ್ಚಿಕೊಳ್ಳುವುದು ಕೇಳಿಸಬೇಕು. ಕಳಪೆಯದರಲ್ಲಿ ಬರೀ ಗುಂಯ್ ಎನ್ನುತ್ತದೆ. ಎರಡು, ಚೆಂಡೆ. ನಮ್ಮ ಬಡಗಿನ ಚೆಂಡೆಯ ಏರು ಪೆಟ್ಟಿನಲ್ಲಿ ಕೋಲು ಚರ್ಮಕ್ಕೆ ತಾಗುವ 'ಟಕ್' ಬೇರೆ, ಅದರ ಹಿಂದೆಯೇ ಬರುವ ಚರ್ಮದ ನಾದ ಬೇರೆ. ಎರಡೂ ಬೇರೆ ಬೇರೆಯಾಗಿ ಸಿಕ್ಕರೆ ಡ್ರೈವರು ಚುರುಕಾಗಿದೆ. ಎರಡೂ ಕಲಸಿ ತಗಡು ಬಡಿದಂತಾದರೆ ಅರ್ಧ ಗಂಟೆಯಲ್ಲಿ ತಲೆನೋವು ಖಂಡಿತ. ಮೂರು, ನಿನಗೆ ಚೆನ್ನಾಗಿ ಪರಿಚಯವಿರುವ ಒಬ್ಬರ ಮಾತು. ನಾನು ಕಳುಹಿಸಿದ ವಾಯ್ಸ್ ಮೆಸೇಜನ್ನೇ ಹಾಕು. ಅಪ್ಪಯ್ಯನಿಗೆ ಶೀತವಾದಂತೆ ಕೇಳಿಸಿದರೆ ತಪ್ಪು ಹೆಡ್‌ಫೋನಿನದು.

ಅಂದಹಾಗೆ, ನೀನು ಕೇಳುವ ಪದಗಳು ಬಹಳಷ್ಟು ಹಳೆಯ ಕ್ಯಾಸೆಟ್ಟಿನಿಂದ ಇಳಿಸಿದವು, ಟೇಪಿನ ಸುಯ್ ಸದ್ದು ಅದರಲ್ಲಿಯೇ ಇದೆ. ಇಪ್ಪತ್ತು ಸಾವಿರದ್ದು ತಂದರೆ ಆ ಸುಯ್ ಇನ್ನೂ ಚೆನ್ನಾಗಿ ಕೇಳಿಸುತ್ತದೆ, ಅಷ್ಟೇ. ಆದ್ದರಿಂದ ಸಹೋದ್ಯೋಗಿಗಳ ಕೊರಳಲ್ಲಿ ನೇತಾಡುವುದನ್ನು ನೋಡಿ ಬಜೆಟ್ ಏರಿಸಬೇಡ.

ಈ ಗದ್ದಲ ತಡೆಯುವ ಮಾತನ್ನು ಇಷ್ಟು ಹಿಡಿದದ್ದಕ್ಕೆ ಕಾರಣವಿದೆ. ಹೊರಗಿನ ಸದ್ದು ಒಳಗೆ ಬಂದಷ್ಟೂ ಕೈ ತಾನಾಗಿಯೇ ವಾಲ್ಯೂಮ್ ಏರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್ ಆದರೆ ವಾರಕ್ಕೆ 40 ಗಂಟೆ ಕೇಳಬಹುದು, 90 ಡೆಸಿಬೆಲ್ ಆದರೆ ವಾರಕ್ಕೆ ನಾಲ್ಕೇ ಗಂಟೆ. ಮೂರು ಡೆಸಿಬೆಲ್ ಏರಿದಂತೆಲ್ಲ ಕಾಲ ಅರ್ಧವಾಗುತ್ತದೆ. ನಿನ್ನ ಮೆಟ್ರೊ ಪ್ರಯಾಣವೇ ವಾರಕ್ಕೆ ಏಳೂವರೆ ಗಂಟೆ.

ಕಳೆದ ಮಳೆಗಾಲ ನೀನು ಬಂದಾಗ ಜಗಲಿಯಲ್ಲಿ ಕೂತು 'ಅಬ್ಬಾ, ಜೀರುಂಡೆ ಎಷ್ಟು ಕೂಗುತ್ತವೆ!' ಎಂದೆ. ನಾನು ಹೌದು ಎಂದೆ. ಸುಳ್ಳು ಹೇಳಿದ್ದು. ನನಗೆ ಮಳೆಹನಿ ಕೇಳಿಸುತ್ತಿತ್ತು, ಹಂಚಿನಿಂದ ನೀರು ಇಳಿಯುವುದು ಕೇಳಿಸುತ್ತಿತ್ತು, ಜೀರುಂಡೆ ಇರಲಿಲ್ಲ. ಆಮೇಲೆ ಶಿವಮೊಗ್ಗದಲ್ಲಿ ಪರೀಕ್ಷೆ ಮಾಡಿಸಿದೆ. ಡಾಕ್ಟರು ತೋರಿಸಿದ ಗೆರೆ ಮೂರು ಸಾವಿರ ಹರ್ಟ್ಸಿನವರೆಗೆ ಸರಿಯಾಗಿ ಬಂದು, ನಾಲ್ಕು ಸಾವಿರದ ಹತ್ತಿರ ಬಾವಿಗೆ ಬಿದ್ದಂತೆ ಇಳಿದಿದೆ. ಇಪ್ಪತ್ತೆಂಟು ವರ್ಷ ರಾತ್ರಿಯಿಡೀ ಚೆಂಡೆಯ ಮಗ್ಗುಲಲ್ಲಿ, ಹಾರ್ನ್ ಸ್ಪೀಕರಿನ ಕೆಳಗೆ ಕೂತ ಸಂಬಳ. ತಂಬೂರಿಯ ಜವಾರಿಯನ್ನು ನಿನಗೆ ಇಷ್ಟು ವಿವರವಾಗಿ ಬರೆದೆನಲ್ಲ, ಅದೂ ಅರ್ಧ ನೆನಪಿನಿಂದಲೇ. ಅಮ್ಮನಿಗೆ ಇದನ್ನು ಇನ್ನೂ ಹೇಳಿಲ್ಲ, ನೀನೂ ಹೇಳಬೇಡ.

ಬುಧವಾರ ನಿನಗೆ ಅರ್ಧ ದಿನ ರಜೆ ಎಂದಿದ್ದೆಯಲ್ಲ, ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರಸ್ತೆಗೆ ಹೋಗಿ ಹಾಕಿಕೊಂಡು ನೋಡಿ ಬಾ. ಅಲ್ಲಿ ಅಸಲಿನ ಪಕ್ಕದಲ್ಲಿಯೇ ನಕಲಿಯೂ ಇರುತ್ತದೆ, ಬಿಲ್ಲು ಕೊಡುವ ಅಂಗಡಿಯಲ್ಲೇ ತೆಗೆದುಕೊ. ಆನ್‌ಲೈನ್ ತರಿಸುವುದಾದರೆ ವಾಪಸು ಕೊಡುವ ಗಡುವು ಮುಗಿಯುವವರೆಗೆ ಪೆಟ್ಟಿಗೆಯನ್ನು ಹರಿದು ಎಸೆಯಬೇಡ. ರಸ್ತೆ ದಾಟುವಾಗ ಕೊರಳಿಗೆ ಇಳಿಸಿಕೊ.

ನಿನ್ನ ಹಳೆಯ ತಂತಿಯ ಇಯರ್‌ಫೋನ್ ಬಲಗಡೆ ಮಾತ್ರ ಕೇಳಿಸುತ್ತದೆ ಎಂದೆಯಲ್ಲ, ಎಸೆಯಬೇಡ. ಜ್ಯಾಕಿನ ಕುತ್ತಿಗೆಯಲ್ಲಿ ಎಡಗಡೆಯ ಹಸಿರು ತಂತಿ ಕಡಿದಿರುತ್ತದೆ, ಅಷ್ಟೇ. ಕೂದಲಿನಷ್ಟು ಸಣ್ಣ ತಂತಿ, ಮೇಲಿನ ಬಣ್ಣವನ್ನು ಕಾದ ಬೆಸುಗೆ ಕಡ್ಡಿಯಲ್ಲಿ ಸುಟ್ಟು ತೆಗೆದರೆ ತಾಮ್ರ ಬೆಳ್ಳಗೆ ಬೆಸುಗೆ ಹಿಡಿಯುತ್ತದೆ. ರಾತ್ರಿ ಬಸ್ಸಿನಲ್ಲಿ ಊರಿಗೆ ಬರುವ ಗೆಳತಿಯರ ಕೈಯಲ್ಲಿ ಕೊಟ್ಟು ಕಳುಹಿಸು. ಹೊಸ ಜ್ಯಾಕ್ ಒಂದು ಡಬ್ಬಿಯಲ್ಲಿದೆ.

ಅಮ್ಮ ಪಕ್ಕದಲ್ಲಿ ನಿಂತು ಹೇಳುತ್ತಿದ್ದಾಳೆ: ಹೊರಗಿನ ಸದ್ದು ಕೇಳಿಸದಂಥದ್ದನ್ನು ಕೊಡಿಸುತ್ತಿದ್ದೀರಿ, ಇನ್ನು ಅವಳು ನನ್ನ ಫೋನ್ ಎತ್ತಿದಂತೆಯೇ.

ನಿನ್ನ,
ಅಪ್ಪಯ್ಯ