ಅಪ್ಪ ಸಹಿ ಹಾಕಿದ ಕಾಗದ

ಕ್ಲೀವ್‌ಲ್ಯಾಂಡ್, ಓಹಿಯೋ

ಅಮ್ಮನಿಗೆ ಸುಧಾಳ ನಮಸ್ಕಾರ. ನಾವೆಲ್ಲ ಕ್ಷೇಮ. ಮಕ್ಕಳಿಗೆ ಶಾಲೆ ಶುರುವಾಯಿತು, ಇವರಿಗೆ ಅದೇ ಕೆಲಸ. ನಿನ್ನ ಪತ್ರ ಓದಿದ ಮೇಲೆ ಬೇರೆ ಸುದ್ದಿ ಬರೆಯಲು ಕೈ ಏಳುವುದಿಲ್ಲ.

ಮೊದಲು ಅಪ್ಪನಿಗೆ ಹೇಳು, ಏನೂ ಆಗುವುದಿಲ್ಲ. ಬಿಪಿ ಮಾತ್ರೆ ತಪ್ಪಿಸಬಾರದು. ಕೇರಳ ಪೊಲೀಸರು ಅಂಗಳಕ್ಕೆ ಬಂದ ಮಾತ್ರಕ್ಕೆ ಮರ್ಯಾದೆ ಹೋಗುವುದಿಲ್ಲ. ಬದಿಯಡ್ಕ ಪೇಟೆಯವರಿಗೆ ಮುಂದಿನ ವಾರ ಬೇರೆ ವಿಷಯ ಸಿಗುತ್ತದೆ. ಸವಿತಾಳ ಸಂಬಂಧ ಮುರಿಯುತ್ತದೆ ಎಂದು ಚಿಕ್ಕಮ್ಮ ಅಳುತ್ತಿದ್ದಾರಂತಲ್ಲ, ಇಷ್ಟಕ್ಕೆ ಮುರಿಯುವುದಾದರೆ ಮುರಿದದ್ದೇ ಒಳ್ಳೆಯದು ಎಂದು ಹೇಳು. ಬೇಡ, ಹೇಳಬೇಡ, ನನ್ನ ಮೇಲೆ ಸಿಟ್ಟಾಗುತ್ತಾರೆ.

ನನ್ನ ತಲೆ ತಿನ್ನುವುದು ಬೇರೆಯೇ. ರಾತ್ರಿ ಬಟ್ಟಲಿಗೆ ಅನ್ನ ಬಡಿಸಿದ ಹೊತ್ತಿಗೆ ಮಫ್ತಿಯಲ್ಲಿ ಬಂದು, ‘ವಾರಂಟ್ ಉಂಟು’ ಎಂದು ಮಡಿಸಿದ ಕಾಗದವೊಂದನ್ನು ಆಡಿಸಿ ಜೇಬಿಗೆ ಹಾಕಿಕೊಂಡರಂತೆ. ಓದಲು ಕೊಡಿ ಎಂದು ಅಪ್ಪ ಕೇಳಿದ್ದಕ್ಕೆ ‘ಹರೀಶ ಸ್ಟೇಷನ್ನಿನಲ್ಲಿ ಎಲ್ಲ ಒಪ್ಪಿಕೊಂಡಾಯಿತು, ಇನ್ನು ನಿಮ್ಮದೆಂತ’ ಎಂದರಂತೆ. ನಮ್ಮ ಹರೀಶ ಆಗ ಮಂಗಳೂರಿನಲ್ಲಿ ಡ್ಯೂಟಿಯಲ್ಲಿದ್ದ! ಅವನ ಯಾರೋ ಗೆಳೆಯ ಕದ್ದ ಮೊಬೈಲುಗಳ ಬ್ಯಾಗ್ ಇಟ್ಟು ಹೋಗಿದ್ದಾನೆಂದು ಉಪ್ಪರಿಗೆಯ ಅಡಿಕೆ ಗೋಣಿಗಳನ್ನು ಸುರಿದು, ಪತ್ತಾಯ ಜಾಲಾಡಿ, ದೇವರ ಕೋಣೆಯ ಪೆಟ್ಟಿಗೆಯನ್ನೂ ಬಿಡದೆ, ಕಡೆಗೆ ಏನೂ ಸಿಗದೆ ಮಲಯಾಳದ ಕಾಗದಕ್ಕೆ ಅಪ್ಪನ ಸಹಿ ಹಾಕಿಸಿಕೊಂಡು ಹೋದರು. ಬ್ಯಾಂಕಿನ ಚಲನ್ನನ್ನೂ ಕನ್ನಡಕ ಒರೆಸಿ ಎರಡೆರಡು ಸಲ ಓದುವ ಮಾಷ್ಟ್ರು ಅವರು. ಅವರೇ ಓದದೆ ಸಹಿ ಹಾಕಬೇಕಾದರೆ ಎಷ್ಟು ಹೆದರಿಸಿರಬೇಕು!

ಇಂಥದ್ದೇ ಒಂದು ಕಥೆ ನಾವಿರುವ ಈ ಊರಿನಲ್ಲೇ ನಡೆದದ್ದುಂಟು. 1957ರ ಮೇ ತಿಂಗಳಲ್ಲಿ, ಬಾಂಬ್ ಪ್ರಕರಣದ ಒಬ್ಬನನ್ನು ಹುಡುಕಿಕೊಂಡು ಪೊಲೀಸರು ಡಾಲ್ರಿ ಮ್ಯಾಪ್ ಎಂಬ ಕರಿಯ ಹೆಂಗಸಿನ ಮನೆಗೆ ಹೋದರು. ಅವಳು ವಕೀಲರಿಗೆ ಫೋನ್ ಮಾಡಿ, ವಾರಂಟ್ ಇಲ್ಲದೆ ಒಳಗೆ ಬಿಡುವುದಿಲ್ಲ ಎಂದಳು. ಕೆಲವು ಗಂಟೆ ಬಿಟ್ಟು ಇನ್ನಷ್ಟು ಜನರೊಂದಿಗೆ ಬಂದು ಬಾಗಿಲು ಒಡೆದರು. ವಾರಂಟ್ ಎಲ್ಲಿ ಎಂದರೆ ಒಂದು ಕಾಗದ ಬೀಸಿದರು. ಅವಳು ಅದನ್ನು ಕಿತ್ತು ರವಿಕೆಯೊಳಗೆ ತುರುಕಿಕೊಂಡಳು! ನೀನಾದರೂ ಅದನ್ನೇ ಮಾಡುತ್ತಿದ್ದೆ. ಅವರು ಕಾಗದ ಕಸಿದು, ಕೋಳ ಹಾಕಿ, ಮನೆಯೆಲ್ಲ ಜಾಲಾಡಿ, ಅಶ್ಲೀಲ ಪುಸ್ತಕ ಸಿಕ್ಕಿತೆಂದು ಕೇಸು ಹಾಕಿದರು. ಶಿಕ್ಷೆಯೂ ಆಯಿತು. ಆ ವಾರಂಟ್ ಮಾತ್ರ ಕೋರ್ಟಿಗೆ ಬರಲೇ ಇಲ್ಲ. 1961ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಶಿಕ್ಷೆ ರದ್ದು ಮಾಡಿ, ಕಾನೂನು ಮೀರಿ ಹುಡುಕಿ ತಂದದ್ದು ರಾಜ್ಯಗಳ ಕೋರ್ಟಿನಲ್ಲೂ ಸಾಕ್ಷ್ಯವಾಗಿ ನಡೆಯುವುದಿಲ್ಲ ಎಂದಿತು. ಪಕ್ಕದ ಮನೆಯ ಮುದುಕಿ ಇದನ್ನು ತನ್ನ ಅತ್ತಿಗೆಗೇ ಆದದ್ದು ಎನ್ನುವಂತೆ ಹೇಳುತ್ತಾಳೆ. ಯಾರೇ ಬಂದರೂ ಚಿಲಕದ ಸರಪಳಿ ತೆಗೆಯಬೇಡ, ಕಾಗದವನ್ನು ಕಿಟಕಿ ಗಾಜಿಗೆ ಒತ್ತಿ ಹಿಡಿಯಲು ಹೇಳು, ಜಡ್ಜಿಯ ಸಹಿ ಉಂಟಾ ನೋಡು ಎಂದು ನನಗೂ ಕಲಿಸಿದ್ದಾಳೆ.

ಹಾಗೆಂದು ಇಲ್ಲಿ ಸ್ವರ್ಗವಲ್ಲ, ದೊಡ್ಡಪ್ಪ ಸುಮ್ಮನೆ ಹೊಗಳುವುದು ಬೇಡ. ವಾರಂಟ್ ಉಂಟೆಂದು ಹೇಳಿ ಮನೆ ಹುಡುಕಲು ಒಬ್ಬ ಅಜ್ಜಿಯಿಂದ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂದು 1968ರಲ್ಲಿ ತೀರ್ಪು ಕೊಟ್ಟ ಇದೇ ಕೋರ್ಟ್, ಮರುವರ್ಷ ಇನ್ನೊಂದು ಕೇಸಿನಲ್ಲಿ, ‘ನಿನ್ನ ಜೊತೆಗಾರ ಒಪ್ಪಿಕೊಂಡಿದ್ದಾನೆ’ ಎಂದು ಪೊಲೀಸರು ಸುಳ್ಳು ಹೇಳಿ ಪಡೆದ ತಪ್ಪೊಪ್ಪಿಗೆಯೂ ನಡೆಯುತ್ತದೆ ಎಂದಿತು. ಹರೀಶನ ಹೆಸರಿನಲ್ಲಿ ಅಪ್ಪನಿಗೆ ಹೇಳಿದ ಸುಳ್ಳು ಎಲ್ಲ ದೇಶದ ಪೊಲೀಸರ ಬಾಯಲ್ಲೂ ಉಂಟು.

ನಮ್ಮಲ್ಲಿ ಹೇಗೆ ಎಂದು ಮಂಗಳೂರಿನಲ್ಲಿ ವಕೀಲಿಕೆ ಮಾಡುವ ವೀಣಾಳನ್ನು ಕೇಳಿದೆ. ಅವಳು ಮೊದಲು ನನ್ನ ಉತ್ಸಾಹಕ್ಕೆ ತಣ್ಣೀರು ಎರಚಿದಳು. ಹುಡುಕಿದ್ದು ತಪ್ಪು ಎಂಬ ಕಾರಣಕ್ಕೇ ಸಿಕ್ಕಿದ ವಸ್ತು ಸಾಕ್ಷ್ಯವಾಗದೆ ಹೋಗುವುದಿಲ್ಲ ಎಂದು ನಮ್ಮ ಸುಪ್ರೀಂ ಕೋರ್ಟ್ 1973ರಲ್ಲೇ ಹೇಳಿದೆಯಂತೆ. ತಡವಾದರೆ ವಸ್ತು ಕೈತಪ್ಪುತ್ತದೆ ಎಂದಿದ್ದರೆ ವಾರಂಟ್ ಇಲ್ಲದೆಯೂ ಹುಡುಕಬಹುದಂತೆ. ಹಾಗಾಗಿ ಬಾಗಿಲಲ್ಲಿ ಜಗಳಕ್ಕೆ ನಿಲ್ಲಬೇಡಿ. ಆದರೆ ಏನು ಹುಡುಕುವುದು, ಯಾಕೆ ಎಂದು ಮೊದಲೇ ಬರೆದಿಡಬೇಕು. ಊರಿನ ಇಬ್ಬರಾದರೂ ಮರ್ಯಾದಸ್ಥರು ಸಾಕ್ಷಿಗೆ ಬೇಕು. 2024ರ ಜುಲೈಯಲ್ಲಿ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ವಿಡಿಯೋವನ್ನೂ ಮಾಡಬೇಕು. ಯಾರಾದರೂ ಮೊಬೈಲು ಹಿಡಿದಿದ್ದರಾ? ನೆರೆಯ ಭಟ್ಟರನ್ನು ಕರೆದಿದ್ದರಾ? ನೀನು ಬರೆದೇ ಇಲ್ಲ.

ಇನ್ನು ಆ ಸಹಿ. ಅದು ಮಹಜರಾಗಿದ್ದರೆ ಪ್ರತಿ ಕೇಳುವ ಹಕ್ಕು ನಮ್ಮದು. ಅಪ್ಪನ ಹೇಳಿಕೆ ಎಂದು ಬರೆದುಕೊಂಡದ್ದಾದರೆ ಸಹಿ ತೆಗೆದುಕೊಂಡದ್ದೇ ತಪ್ಪು, ಪೊಲೀಸರಿಗೆ ಕೊಟ್ಟ ಹೇಳಿಕೆಗೆ ಸಹಿ ಹಾಕಿಸುವಂತಿಲ್ಲ. ಹುಡುಕಾಟದ ಬರಹ 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು, ಅರ್ಜಿ ಕೊಟ್ಟರೆ ಮನೆಯವರಿಗೆ ಅದರ ಪ್ರತಿ ಪುಕ್ಕಟೆ. ಅಲ್ಲಿ ಹೋಗಿಯೇ ಇಲ್ಲ ಎಂದಾದರೆ ಅವರ ಬಂಡವಾಳ ಬಯಲಾಗುತ್ತದೆ. ಕಾಸರಗೋಡು ವಿದ್ಯಾನಗರದ ಕೋರ್ಟಿನ ಕಾನೂನು ಸೇವಾ ಪ್ರಾಧಿಕಾರಕ್ಕೆ ಅಪ್ಪನಲ್ಲ, ನೀನೇ ಹೋಗು. ಹೆಂಗಸರಿಗೆ ಆದಾಯ ಕೇಳದೆ ವಕೀಲರನ್ನು ಕೊಡುತ್ತಾರೆ. ಎಸ್‌ಪಿಗೂ ಒಂದು ಅರ್ಜಿ ಹಾಕಿ, ಅದನ್ನು ಅಪ್ಪನೇ ಅಚ್ಚಗನ್ನಡದಲ್ಲಿ ಬರೆಯಲಿ. 1969ರ ಕೇರಳದ ಭಾಷಾ ಕಾಯ್ದೆಯಲ್ಲಿ ನಮಗೆ ಆ ಹಕ್ಕುಂಟು, ಉತ್ತರವೂ ಕನ್ನಡದಲ್ಲೇ ಬರಬೇಕು. ವ್ಯಾಕರಣ ತಪ್ಪಿದ್ದರೆ ಅಪ್ಪ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸಲಿ!

ಸಾಕ್ಷಿ ಹೇಳಲು ಸ್ಟೇಷನ್ನಿಗೆ ಬನ್ನಿ ಎಂದು ಫೋನ್ ಬಂದರೆ ಅಪ್ಪ ಹೊರಡಬಾರದು. 60 ದಾಟಿದವರನ್ನು, ಹೆಂಗಸರನ್ನು ಮನೆಗೇ ಬಂದು ಕೇಳಬೇಕು. ಹರೀಶನಿಗೆ ನೋಟಿಸು ಬಂದರೆ ಮಾತ್ರ ವಕೀಲರ ಜೊತೆ ಹೋಗಲಿ, ತಪ್ಪಿಸಿಕೊಳ್ಳುವುದು ಬೇಡ. ಆ ಗೆಳೆಯ ಯಾರೆಂದು ಅವನ ಹತ್ತಿರ ನಾನೇ ಕೇಳುತ್ತೇನೆ, ನೀನು ಬೈಯಬೇಡ.

ಖರ್ಚಿಗೆಂದು ನಿನ್ನ ಖಾತೆಗೆ ಸ್ವಲ್ಪ ಹಾಕಿದ್ದೇನೆ. ಹೆದರಬೇಡಿ, ಖಂಡಿತ ಏನೂ ಆಗುವುದಿಲ್ಲ, ಅಪ್ಪನಿಗೆ ಇನ್ನೊಮ್ಮೆ ಹೇಳು. ಚಿಕ್ಕವನ ಶಾಲೆ ಬಿಡುವ ಹೊತ್ತಾಯಿತು, ಓಡಬೇಕು. ಮಹಜರಿನ ಪ್ರತಿ ಸಿಕ್ಕಿದ ಕೂಡಲೇ ಫೋಟೋ ತೆಗೆದು ಕಳಿಸಲು ಹರೀಶನಿಗೆ ಹೇಳು.

ನಿನ್ನ
ಸುಧಾ