ನಿನ್ನ ಅಕ್ಕ ಏನು ಕೆಲಸ ಮಾಡ್ತಾಳೆ?

ಲೋ ಮಾರಾಯ,

ಮೊನ್ನೆ ಫೋನಲ್ಲಿ ಅರ್ಧಕ್ಕೆ ನಿಲ್ಲಿಸಿದ್ನಲ್ಲ, ಅದನ್ನ ಇಲ್ಲೇ ಎಲ್ರ ಮುಂದೆ ಬರೀತಿದೀನಿ, ಓದೋರು ಓದ್ಲಿ, ನಮ್ಮಂಥ ಮನೆಗಳು ಇನ್ನೂ ಎಷ್ಟಿವೆಯೋ.

ದಕ್ಷಿಣ ಆಫ್ರಿಕಾದ ಕೇಪ್‌ಟೌನಿಂದ ಉತ್ತರಕ್ಕೆ ಹೋದ್ರೆ ಅಟ್ಲಾಂಟಿಸ್ ಅಂತ ಊರು ಸಿಗತ್ತೆ, ವರ್ಣಭೇದದ ಸರ್ಕಾರ 1970ರ ದಶಕದಲ್ಲಿ 'ಕಲರ್ಡ್', ಅಂದ್ರೆ ಮಿಶ್ರ ಮೂಲದ ಜನರನ್ನ ದೂರ ಇಡೋಕೆ ಅಂತಲೇ ಕಟ್ಟಿಸಿದ್ದು. ಅದರ ಹತ್ರಾನೇ ಕ್ಯಾಂಪ್‌ಹಿಲ್ ವಿಲೇಜ್ ವೆಸ್ಟ್ ಕೋಸ್ಟ್. ನಮ್ಮ ಕಡೆ ಬುದ್ಧಿಮಾಂದ್ಯರು ಅಂತೀವಲ್ಲ, ಅಂಥ ದೊಡ್ಡವರು ಅಲ್ಲೇ ಇದ್ಕೊಂಡು ಹಸು, ಮೊಸರು, ಬ್ರೆಡ್ಡು, ತೋಟ ಅಂತ ದಿನಾ ದುಡೀತಾರೆ. ಹಿಟ್ಲರನ ಕಾಟಕ್ಕೆ ವಿಯೆನ್ನಾ ಬಿಟ್ಟು ಓಡಿಬಂದ ಕಾರ್ಲ್ ಕೋನಿಗ್ ಅನ್ನೋ ಡಾಕ್ಟ್ರು 1940ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ಹತ್ರ ಶುರು ಮಾಡಿದ್ದು ಈ ಕ್ಯಾಂಪ್‌ಹಿಲ್. ತಾನೇ ನೆಲೆ ಇಲ್ದೋನು ಯಾರಿಗೂ ಬೇಡವಾದ ಮಕ್ಕಳಿಗೆ ನೆಲೆ ಮಾಡಿದ, ನಂಗೆ ಅದು ತುಂಬಾ ದೊಡ್ಡದು ಅನ್ಸತ್ತೆ.

ನಾನು ಅಲ್ಲಿಗೆ ಹೋದಾಗ ಒಬ್ಬ, ನಮ್ಮ ವಯಸ್ಸಿನೋನೇ, ಮೊಸರಿನ ಡಬ್ಬಕ್ಕೆ ಮುಚ್ಚಳ ಹಾಕ್ತಿದ್ದ. ಒತ್ತಿ, ಹೆಬ್ಬೆರಳಲ್ಲಿ ಅಂಚು ಪೂರ್ತಿ ಒಂದು ಸುತ್ತು ಸವರಿ, ಲೇಬಲ್ಲು ಮುಂದಕ್ಕೆ ಬರೋ ಹಾಗೆ ತಿರುಗಿಸಿ ಇಡೋನು. ಹತ್ರ ಹೋದ್ರೆ ಮೊದ್ಲು ಕೈ ತೊಳಿ ಅಂದ. ಆಮೇಲೆ ಅಕ್ಕ ತಂಗಿ ಇದಾರಾ ಅಂದ, ಅಕ್ಕ ಇದಾಳೆ, ನಿನ್ನ ಹಾಗೇನೇ ಅಂದೆ. ತಲೆ ಎತ್ತದೇನೇ ಕೇಳಿದ, ಏನು ಕೆಲಸ ಮಾಡ್ತಾಳೆ?

ಅಕ್ಕಂಗೆ ಎಷ್ಟು ವಯಸ್ಸು, ಮಾತಾಡ್ತಾಳಾ, ಅಮ್ಮನ ನಂತರ ಯಾರು ನೋಡ್ಕೋತಾರೆ, ಇಷ್ಟೇ ಕಣೋ ಇಷ್ಟು ವರ್ಷ ಜನ ಕೇಳಿದ್ದು. ಹೂ ಕಟ್ತಾಳೆ ಅಂದೆ, ಗಂಟಲು ಕಟ್ಟಿಬಿಡ್ತು.

ಅಮ್ಮನ ನಂತರ ಅನ್ನೋ ಭಯ ಹೋಗಲ್ಲ. ಇದೇ ದೇಶದಲ್ಲಿ, ಗೌಟೆಂಗ್ ಪ್ರಾಂತ್ಯದಲ್ಲಿ, 2016ರಲ್ಲಿ ಖರ್ಚು ಉಳಿಸ್ತೀವಿ ಅಂತ ಲೈಫ್ ಎಸಿಡಿಮೇನಿ ಅನ್ನೋ ಖಾಸಗಿ ಆರೈಕೆ ಕೇಂದ್ರಗಳಿಂದ ಅಲ್ಲಿನ ಆರೋಗ್ಯ ಇಲಾಖೆಯೋರು ಮಾನಸಿಕ ರೋಗಿಗಳನ್ನ, ಅಕ್ಕನಂಥೋರನ್ನೂ, ಸರಿಯಾದ ಲೈಸೆನ್ಸೇ ಇಲ್ಲದ ಸಂಸ್ಥೆಗಳಿಗೆ ಸಾಗಿಸಿದ್ರು. 144 ಜನ ಸತ್ತರು ಮಾರಾಯ. ಹಸಿವಿಂದ, ಚಳಿಯಿಂದಾನೂ. ಎಲ್ಲಿಗೆ ಕಳಿಸಿದಾರೆ ಅಂತಾನೇ ಎಷ್ಟೋ ಮನೆಯವರಿಗೆ ಗೊತ್ತಿರ್ಲಿಲ್ಲ. ಅದನ್ನ ಓದಿದ ರಾತ್ರಿ ನಿದ್ದೆ ಬರ್ಲಿಲ್ಲ. ಅಕ್ಕ ಅಮ್ಮನಿಗಿಂತ ಮುಂಚೆ ಹೋಗ್ಲಿ ಅಂತ ಅಮ್ಮ ದೇವರ ಮುಂದೆ ಬೇಡ್ಕೊಳ್ಳೋದನ್ನ ನಾನು ಬಾಗಿಲ ಹಿಂದಿಂದ ಕೇಳಿಸ್ಕೊಂಡಿದೀನಿ, ಇದನ್ನ ನಿಂಗೂ ಹೇಳಿರ್ಲಿಲ್ಲ, ಇಲ್ಲಿ ಬರೆಯೋದು ಅಂತಾನೂ ಇರ್ಲಿಲ್ಲ.

ಸಾಕು ಬಿಡು. ನೀನೊಂದು ಕೆಲಸ ಮಾಡು, ಡಿಸಿ ಆಫೀಸಿಗೆ ಹೋಗಿ ನ್ಯಾಷನಲ್ ಟ್ರಸ್ಟ್ ಕಾಯ್ದೆ ಕೆಳಗೆ ಅಕ್ಕನ ಜವಾಬ್ದಾರಿ ಕಾನೂನು ಪ್ರಕಾರ ಹೊರೋ ಗಾರ್ಡಿಯನ್‌ಶಿಪ್ಪಿಗೆ ಏನೇನು ಕಾಗದ ಬೇಕು ಕೇಳ್ಕೊಂಡು ಬಾ, 1999ರಿಂದಾನೇ ಇದೆ ಆ ಕಾಯ್ದೆ. ಮನೆಗೆ ಹೋದಾಗ ಅಕ್ಕ ಕಟ್ಟಿದ ಮಾಲೆಗೆ ದುಡ್ಡು ಕೊಟ್ಟೇ ತಗೋ, ಅಮ್ಮ ಬೇಡ ಅಂದ್ರೂ ಅಕ್ಕನ ಕೈಗೇ ಕೊಡು. ಚಟ್ನಿಪುಡಿ ಮುಗೀತು, ಕಳಿಸು, ಆದ್ರೆ ನಮ್ಮ ಕಂಡಕ್ಟರ್ ಕೈಲಿ ಮಾತ್ರ ಬೇಡ, ಯಾಕೆ ಅಂತ ನಿಂಗೇ ಗೊತ್ತು.